ಖಾಲಿ ಮನೆಯ ನಾಲ್ಕು ಗುಂಡಿ

ಮಂಗತಾಯಿಯ ಮನೆಗೆ ದೊಡ್ಡ ಟಿವಿ ಬಂದ ದಿನ ಪೈಡಮ್ಮನ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಇಬ್ಬರೂ ಓರಗಿತ್ತಿಯರು. ಅನಕಾಪಲ್ಲಿಯ ಬೆಲ್ಲದ ಮಂಡಿಯ ಹಿಂದಿನ ಓಣಿಯಲ್ಲಿ ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಸಂಸಾರ ಮಾಡಿಕೊಂಡಿದ್ದರು. ಅಣ್ಣನ ಹೆಂಡತಿ ಪೈಡಮ್ಮ ಗೋಡೆಯ ಈ ಕಡೆ, ತಮ್ಮನ ಹೆಂಡತಿ ಮಂಗತಾಯಿ ಆ ಕಡೆ. ಗೋಡೆ ಬಂದರೂ ಜಗಲಿ ಒಂದೇ ಉಳಿದಿತ್ತು. ಹಾಗಾಗಿ ಆ ಮನೆಗೆ ಏನೇ ಬಂದರೂ ಈ ಮನೆಯ ಬಾಗಿಲ ಮುಂದೆಯೇ ಹಾದುಹೋಗಬೇಕು. ಟಿವಿಯೂ ಹಾಗೇ ಹೋಯಿತು. ಇಬ್ಬರು ಗಂಡಸರು ಹೊತ್ತು ತಂದರು. ಪೆಟ್ಟಿಗೆ ಆ ಬಾಗಿಲಲ್ಲಿ ಸಿಕ್ಕಿಕೊಂಡಾಗ ಪೈಡಮ್ಮನೇ ಹೋಗಿ ಬಾಗಿಲಿನ ಪರದೆ ಎತ್ತಿ ಹಿಡಿಯಬೇಕಾಯಿತು. ಹೊಟ್ಟೆ ಉರಿಯಲು ಇದಕ್ಕಿಂತ ಹೆಚ್ಚೇನು ಬೇಕು?

"ಎಲ್ಲಿಂದ ಬಂತೇ ಇದು?" ಎಂದು ಕೇಳಿದಳು.

"ಬಂತು ಅಕ್ಕಾ. ನಮ್ಮ ಅದೃಷ್ಟ."

"ಅದೃಷ್ಟ ಬಂದ್ರೆ ನಮ್ಮ ಬಾಗಿಲೇ ಮೊದಲು ಸಿಗ್ಬೇಕಲ್ಲ. ಅದು ಹೇಗೆ ದಾಟ್ಕೊಂಡು ಬಂತು?"

"ನಿಮ್ಮನೇಲಿ ಭಾವನೇ ಟಿವಿ ಒಳಗಿದಾರೆ. ನಮಗೆ ಬರೀ ಟಿವಿನಾದ್ರೂ ಬೇಡ್ವಾ ಅಕ್ಕಾ?" ಎಂದು ಮಂಗತಾಯಿ ನಕ್ಕಳು.

ಮಾತು ಸಿಹಿಯಾಗಿಯೇ ಇತ್ತು. ಪೈಡಮ್ಮನಿಗೆ ಅದೂ ಚುಚ್ಚಿತು.

ಭಾವ ಟಿವಿಯೊಳಗೆ ಇದ್ದದ್ದು ನಿಜ. ಪೈಡಮ್ಮನ ಗಂಡ ಅಪ್ಪಲಸ್ವಾಮಿ ಬುರ್ರಕಥೆಯವನು. ಬುರ್ರಕಥೆಗೆ ಮೂವರು ಬೇಕು. ನಡುವೆ ತಂಬೂರಿ ಹೆಗಲಿಗೇರಿಸಿ ಕಥೆ ಹೇಳುವವನು, ಒಂದು ಪಕ್ಕದಲ್ಲಿ ನಗಿಸುವವನು, ಇನ್ನೊಂದು ಪಕ್ಕದಲ್ಲಿ ಕಥೆಯ ನಡುವೆ ಊರಿನ ಸಂಗತಿ, ಸರ್ಕಾರದ ಸಂಗತಿ ಎತ್ತಿ ಕುಟುಕುವವನು. ಅಪ್ಪಲಸ್ವಾಮಿ ಈ ಕುಟುಕುವ ಪಕ್ಕದವನು. ವಿಶಾಖಪಟ್ಟಣದ ಒಂದು ಸಣ್ಣ ಚಾನಲ್ಲು ಅವರ ಮೇಳಕ್ಕೆ ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅರ್ಧ ಗಂಟೆ ಕೊಟ್ಟಿತ್ತು. ಒಂದು ವಾರ ಅಪ್ಪಲಸ್ವಾಮಿ ರಾಜನ ಕೋಟೆಯ ಕಥೆ ನಡೆಯುವಾಗ, "ಕೋಟೆ ಗೋಡೆ ಬಿಡಿ ಸ್ವಾಮಿ, ನಮ್ಮ ಓಣಿ ನೀರಿನ ಟ್ಯಾಂಕೇ ಬಿರುಕು ಬಿಟ್ಟಿದೆ, ಅದನ್ನ ಯಾವ ರಾಜ ನೋಡ್ತಾನೆ?" ಎಂದುಬಿಟ್ಟ. ಗುರುವಾರಕ್ಕೆ ನಗರಸಭೆಯವರು ಸಿಮೆಂಟು ಹೊತ್ತು ಓಡಿ ಬಂದರು. ಅಂದಿನಿಂದ ನಲ್ಲಿಯ ಹತ್ತಿರ ಪೈಡಮ್ಮನ ಕೊಡಕ್ಕೆ ಹೆಂಗಸರು ತಾವಾಗಿಯೇ ಜಾಗ ಬಿಡುತ್ತಿದ್ದರು. ಓರಗಿತ್ತಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಲು ಅವಳಿಗೆ ಇದ್ದದ್ದು ಆ ಅರ್ಧ ಗಂಟೆ ಒಂದೇ.

ಈಗ ಈ ಹಾಳು ಟಿವಿ ಬಂತು.

ಅವಳು ದಿನಾ ಕಸ ಗುಡಿಸುವ ನೆಪದಲ್ಲಿ ಜಗಲಿಯ ಕಿಟಕಿಯಿಂದ ಆ ಮನೆಯೊಳಗೆ ಕಣ್ಣು ಹಾಯಿಸತೊಡಗಿದಳು. ಕಂಡದ್ದು ವಿಚಿತ್ರವಾಗಿತ್ತು. ದೊಡ್ಡ ಟಿವಿ ಮಲಗುವ ಕೋಣೆ ಸೇರಿತ್ತು. ನಡುಮನೆಯಲ್ಲಿ ಹಳೆಯ ಟಿವಿಯೂ ಇತ್ತು, ಅದು ಬೆಳಗಿನಿಂದ ಸಂಜೆಯವರೆಗೆ ಉರಿಯುತ್ತಿತ್ತು. ಸದ್ದು ಮಾತ್ರ ಇಲ್ಲ. ಪರದೆಯಲ್ಲಿ ಆರು ಮಂದಿ ಆರು ಚೌಕದಲ್ಲಿ ಕೂತು ಬಾಯಿ ತೆರೆದು ಕೈ ಬೀಸಿ ಜಗಳವಾಡುತ್ತಿದ್ದರು. ಎದುರಿಗೆ ನೋಡುವವರೇ ಇಲ್ಲ. ಚಾಪೆಯ ಮೇಲೆ ಒಂದು ಹೇಂಟೆ ಕೂತಿತ್ತು. ಟಿವಿಯ ಪಕ್ಕದಲ್ಲಿ ಒಂದು ಕಪ್ಪು ಡಬ್ಬಿ, ಅದರ ಹತ್ತಿರ ಸಾಲಾಗಿ ಗುಂಡಿಗಳಿದ್ದ ಒಂದು ರಿಮೋಟು.

'ಕರೆಂಟು ಸುಡೋಕೂ ಇವಳ ಹತ್ತಿರ ಇದೆ' ಎಂದುಕೊಂಡು ಪೈಡಮ್ಮ ಪೊರಕೆಯನ್ನು ನೆಲಕ್ಕೆ ಕುಕ್ಕಿದಳು.

ಸಂಕ್ರಾಂತಿಗೆ ಮೂರು ದಿನ ಮೊದಲು ಮಂಗತಾಯಿ ಬೀಗದ ಕೈ ಹಿಡಿದು ಬಂದಳು. ಗಂಡ, ಇಬ್ಬರು ಮಕ್ಕಳ ಜೊತೆ ನರಸೀಪಟ್ಟಣದ ತವರಿಗೆ ಹೊರಟಿದ್ದಳು. ಹನ್ನೆರಡು ದಿನ ಮನೆ ಖಾಲಿ.

"ಅಕ್ಕಾ, ಒಂದು ಮಾತು. ಯಾರಿಗೂ ಹೇಳ್ಬಾರ್ದು. ನನ್ನ ಮೇಲೆ ಆಣೆ."

"ನಿನ್ನ ಮೇಲೆ ಆಣೆ ಅಂದ್ರೆ ಧೈರ್ಯವಾಗಿ ಹೇಳು," ಎಂದಳು ಪೈಡಮ್ಮ.

ಮಂಗತಾಯಿ ಆ ಚುಚ್ಚು ಮಾತಿಗೆ ನಕ್ಕು, ದನಿ ತಗ್ಗಿಸಿದಳು. ಎರಡು ವರ್ಷದ ಹಿಂದೆ ಒಂದು ಕಂಪನಿಯವರು ಬಂದು ಆ ಡಬ್ಬಿ ಇಟ್ಟು ಹೋಗಿದ್ದರು. ಮನೆಯಲ್ಲಿ ಯಾರು ಯಾವ ಚಾನಲ್ ನೋಡುತ್ತಾರೆ ಎಂದು ಲೆಕ್ಕ ಹಿಡಿಯುವ ಡಬ್ಬಿ ಅದು. ಒಬ್ಬೊಬ್ಬರಿಗೆ ಒಂದೊಂದು ಗುಂಡಿ. ನೋಡಲು ಕೂತಾಗ ತಮ್ಮ ಗುಂಡಿ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಡಬ್ಬಿ ಇರುವುದನ್ನು ಯಾರಿಗೂ ಹೇಳಬಾರದು ಎಂದು ಕಂಪನಿಯವರು ಕಟ್ಟುನಿಟ್ಟಾಗಿ ಹೇಳಿದ್ದರು. ಆದರೂ ಹೇಗೋ ವಾಸನೆ ಹಿಡಿದು ಬೈಕಿನಲ್ಲಿ ಒಬ್ಬ ಬಂದಿದ್ದ.

"ಹೊಸ ಟಿವಿ ಅವನೇ ಕೊಟ್ಟಿದ್ದು ಅಕ್ಕಾ. ಅದ್ರಲ್ಲಿ ನಿಮಗೆ ಬೇಕಾದ್ದು ನೋಡ್ಕೊಳ್ಳಿ, ಹಳೇ ಟಿವಿಲಿ ಮಾತ್ರ ನಮ್ಮ ಚರ್ಚೆ ಚಾನಲ್ ಇರ್ಲಿ, ನಾಲ್ಕೂ ಗುಂಡಿ ಒತ್ತಿರ್ಲಿ ಅಂದ. ನೀನು ಬೆಳಿಗ್ಗೆ ಬಂದು ಹಾಕಿ, ಸಂಜೆ ಆರಿಸಿದ್ರೆ ಸಾಕು. ನಿಂಗೂ ಒಂದು ಮಿಕ್ಸಿ ಕೊಡ್ಸೋಕೆ ಹೇಳಿದೀನಿ."

ಪೈಡಮ್ಮ ಡಬ್ಬಿಯ ಬಗ್ಗೆ ಯೋಚಿಸಲಿಲ್ಲ. ಅವಳ ತಲೆಯಲ್ಲಿ ಸುತ್ತಿದ್ದು ಒಂದೇ: ಆ ಕಂಪನಿಯವರು ಈ ಜಗಲಿ ಹತ್ತಿದಾಗ ಅವರ ಕಣ್ಣಿಗೆ ಮೊದಲು ಬಿದ್ದದ್ದು ನನ್ನ ಬಾಗಿಲು. ನನ್ನ ಮನೆ ಏನು ಕಡಿಮೆಯಾಗಿತ್ತು? ಅವಳ ಮನೆಯಲ್ಲೇ ಏಕೆ?

"ಆಗ್ಲಿ, ಕೊಡು," ಎಂದು ಕೀಲಿಕೈ ಕಿತ್ತುಕೊಂಡಳು.

ಮರುದಿನದಿಂದ ಕೆಲಸ ಶುರುವಾಯಿತು. ಬೆಳಿಗ್ಗೆ ಮನೆ ಮುಂದೆ ರಂಗೋಲಿ ಹಾಕಿ, ಆ ಮನೆಯ ಬೀಗ ತೆಗೆದು, ಟಿವಿ ಹಚ್ಚಿ, ಒಂದು, ಎರಡು, ಮೂರು, ನಾಲ್ಕು ಎಂದು ಗುಂಡಿ ಒತ್ತುತ್ತಿದ್ದಳು. ಮಂಗತಾಯಿ, ಅವಳ ಗಂಡ, ಮಗಳು, ಮಗ ಎಲ್ಲರೂ ನರಸೀಪಟ್ಟಣದಲ್ಲಿ ಗಾಳಿಪಟ ಹಾರಿಸುತ್ತಿದ್ದರು. ಇಲ್ಲಿ ಅವರು ನಾಲ್ವರೂ ಶಿಸ್ತಾಗಿ ಕೂತು ರಾಜಕೀಯ ಚರ್ಚೆ ನೋಡುತ್ತಿದ್ದರು. ಎರಡನೆಯ ದಿನ ಮಿಕ್ಸಿಯೂ ಬಂತು. ಮೂರು ಜಾರಿನದು, ಕೆಂಪು ಬಣ್ಣದ್ದು. ಗಂಡ ಕೇಳಿದರೆ ತವರಿನವರು ಹಬ್ಬಕ್ಕೆ ಕೊಟ್ಟದ್ದು ಎಂದಳು.

ಭಾನುವಾರ ಬಂತು. ಹಬ್ಬದ ವಾರದ ವಿಶೇಷ ಕಥೆ. ಎಂಟಕ್ಕೆ ಐದು ನಿಮಿಷವಿದ್ದಾಗ ಪೈಡಮ್ಮ ಆ ನಡುಮನೆಯಲ್ಲಿ ನಿಂತಿದ್ದಳು. ನಾಲ್ಕು ಗುಂಡಿ ಒತ್ತಿಯಾಗಿತ್ತು. ಪರದೆಯಲ್ಲಿ ಆರು ಬಾಯಿಗಳು ಆಗಲೇ ತೆರೆದಿದ್ದವು. ಅರ್ಧ ಗಂಟೆ ಚಾನಲ್ ಬದಲಿಸೋಣವೇ ಎನ್ನಿಸಿ ಅವಳ ಹೆಬ್ಬೆರಳು ರಿಮೋಟಿನ ಮೇಲೆ ಹೋಯಿತು.

ಆಗ ಹೊಟ್ಟೆಯೊಳಗಿನ ಕಿಚ್ಚು ಎದ್ದು ಕೂತಿತು. 'ಇವಳ ಟಿವಿಯಲ್ಲಿ ನನ್ನ ಗಂಡ ಯಾಕೆ ಕುಣಿಯಬೇಕು? ನನಗೆ ನನ್ನ ಟಿವಿ ಇಲ್ಲವೇ?'

ಬೀಗ ಜಡಿದು ತನ್ನ ಮನೆಗೆ ಓಡಿದಳು. ತನ್ನ ಸಣ್ಣ ಟಿವಿಯ ಮುಂದೆ ಕೂತು, ಅಪ್ಪಲಸ್ವಾಮಿ ಗೆಜ್ಜೆ ಕಟ್ಟಿ ಕುಣಿಯುವುದನ್ನು ಬಾಯಿ ತುಂಬ ನಗುತ್ತ ನೋಡಿದಳು. ಮುಂದಿನ ಭಾನುವಾರವೂ ಹಾಗೇ ಮಾಡಿದಳು.

ಹಬ್ಬ ಮುಗಿದು, ಓರಗಿತ್ತಿಯೂ ಮರಳಿದ ಮೇಲೆ ಒಂದು ಮಧ್ಯಾಹ್ನ ಅಪ್ಪಲಸ್ವಾಮಿಗೆ ಚಾನಲ್ಲಿನವರ ಫೋನು ಬಂತು. ಮಾತಾಡಿ ಮುಗಿಸಿ ಅವನು ಫೋನನ್ನು ನೆಲದ ಮೇಲೆ ಮಗುಚಿಟ್ಟ.

"ಏನಂತೆ?" ಎಂದಳು ಪೈಡಮ್ಮ.

"ಕಾರ್ಯಕ್ರಮ ನಿಲ್ಸಿದ್ರು."

"ಯಾಕಂತೆ?"

"ನಮ್ಮನ್ನ ನೋಡೋರು ಇಲ್ವಂತೆ. ಬೇರೆ ಕಡೆ ಹೋಗ್ಲಿ, ನಿಮ್ಮ ಊರಲ್ಲೇ ಹಬ್ಬದ ಎರಡೂ ವಾರ ಸೊನ್ನೆ ಅಂದ್ರು. ಸಾಬೂನಿನವರು ಜಾಹೀರಾತು ತೆಗೆದ್ರಂತೆ. ಆ ಹೊತ್ತಿಗೆ ಚರ್ಚೆ ಹಾಕ್ತಾರಂತೆ. ಬೇಕಿದ್ರೆ ನೀವೂ ಗೆಜ್ಜೆ ಕಟ್ಕೊಂಡು ಬನ್ನಿ, ಆ ಪಕ್ಷದವರ ಜೊತೆ ನಾಲ್ಕು ಮಾತು ಕೂಗಾಡಿ, ಚೆನ್ನಾಗಿ ಓಡುತ್ತೆ ಅಂದ್ರು. ಪೈಡೀ, ನಿಜ ಹೇಳು. ನಮ್ಮ ಊರೋರಿಗೇ ನಾನು ಬೇಡವಾದ್ನಾ?"

ಮೂವತ್ತು ವರ್ಷ ಊರೂರು ಅಲೆದು ಕಥೆ ಹೇಳಿದವನು ಹಾಗೆ ಕೇಳಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅವನು ಗೆಜ್ಜೆಯನ್ನು ಮೊಳೆಗೆ ತೂಗುಹಾಕಿದ. ಅಂದಿನಿಂದ ಮಂಡಿಯ ಕಡೆ ಹೋಗುವುದನ್ನೂ ಬಿಟ್ಟ. ನಲ್ಲಿಯ ಹತ್ತಿರ ಪೈಡಮ್ಮನಿಗೆ ಜಾಗ ಬಿಡುವುದೂ ನಿಂತಿತು. ಆ ಕಡೆ ಮನೆಯ ಟಿವಿ ಮಾತ್ರ ನಿಲ್ಲಲಿಲ್ಲ.

ತಿಂಗಳ ಮೊದಲ ವಾರ ಸುವಾರ್ತಮ್ಮ ಕೇಬಲ್ ಬಿಲ್ಲಿಗೆ ಬಂದಳು. ಇಪ್ಪತ್ತು ವರ್ಷದಿಂದ ಆ ಪೇಟೆಯ ಮನೆಮನೆ ಸುತ್ತಿ ಕೇಬಲ್ ವಸೂಲಿ ಮಾಡುವವಳು. ಯಾರ ಮನೆಯಲ್ಲಿ ಯಾವ ಧಾರಾವಾಹಿಗೆ ಅನ್ನ ಸೀಯುತ್ತದೆ ಎಂಬುದೂ ಅವಳಿಗೆ ಗೊತ್ತು. ಪೈಡಮ್ಮ ಅವಳನ್ನು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು, ತನ್ನ ಸಂಕಟವನ್ನೆಲ್ಲ ತೋಡಿಕೊಂಡಳು.

"ಎಲ್ಲಾ ಸುಳ್ಳು ಸುವಾರ್ತಕ್ಕಾ. ಇಡೀ ಓಣಿ ನೋಡುತ್ತೆ. ನಾನೇ ಒಂದು ವಾರಾನೂ ಬಿಡದೆ ನೋಡಿದೀನಿ. ಅದು ಹೇಗೆ ಸೊನ್ನೆ ಆಗುತ್ತೆ?"

"ನೀನು ನೋಡಿದ್ದು ಅವರಿಗೆ ಹೇಗೆ ಗೊತ್ತಾಗ್ಬೇಕು?"

"ಟಿವಿಗೆ ಗೊತ್ತಾಗಲ್ವಾ?"

"ನಿನ್ನ ಟಿವಿಲಿ ನೀನು ನೋಡಿದ್ದು ನಿಂಗೆ ಮಾತ್ರ ಗೊತ್ತು," ಎಂದು ಸುವಾರ್ತಮ್ಮ ಮಜ್ಜಿಗೆ ಲೋಟ ಕೆಳಗಿಟ್ಟಳು. "ಚಾನಲ್ ಅನ್ನೋದು ಅಂಗಡಿ ಕಣೇ. ಆ ಅಂಗಡಿಲಿ ಏನು ಮಾರ್ತಾರೆ ಹೇಳು?"

"ಧಾರಾವಾಹಿ. ಸುದ್ದಿ."

"ಅಲ್ಲ. ನಿನ್ನ ಮಾರ್ತಾರೆ. ಇಷ್ಟು ಜನ ನಮ್ಮ ಮುಂದೆ ಕೂತಿದಾರೆ ಅಂತ ಸಾಬೂನಿನವನಿಗೆ ತೋರ್ಸಿ ಜಾಹೀರಾತು ತಗೊಳ್ತಾರೆ. ಜನ ಕೂತಷ್ಟೂ ಅವರಿಗೆ ಲಾಭ. ಹಾಗಂತ ಎಲ್ಲ ಚಾನಲ್ಲೂ ಕೆಟ್ಟದ್ದು ಅಂತಲ್ಲ, ನಿನ್ನ ಗಂಡನಿಗೆ ಜಾಗ ಕೊಟ್ಟಿದ್ದೂ ಒಂದು ಚಾನಲ್ಲೇ. ಆದ್ರೆ ಟ್ಯಾಂಕ್ ಬಿರುಕು ಬಿಟ್ಟ ಸುದ್ದಿ ತರೋಕೆ ಊರಿಗೆ ಆಳು ಕಳಿಸ್ಬೇಕು, ಖರ್ಚು. ಆರು ಜನರನ್ನ ಕೂರ್ಸಿ ಜಗಳ ಹಚ್ಚೋದು ಸುಲಭ. ಜಗಳ ಆದ್ರೆ ನಾವೂ ಎದ್ದು ಹೋಗಲ್ಲ ನೋಡು."

"ಚರ್ಚೆ ಅಂದ್ರೆ ಒಳ್ಳೇದೇ ಅಲ್ವಾ? ಚುನಾವಣೆ ಬಂತು, ಜನಕ್ಕೆ ತಿಳೀಬೇಡ್ವಾ?"

"ತಿಳೀಬೇಕು. ನಿನ್ನೆ ಒಂದು ಗಂಟೆ ಕೂಗಾಡಿದ್ರಲ್ಲ, ನಮ್ಮ ವಾರ್ಡಿನ ಚರಂಡಿ ಬಗ್ಗೆ ಏನಾದ್ರೂ ತಿಳೀತಾ?"

ಪೈಡಮ್ಮ ನೆನಪಿಸಿಕೊಂಡಳು. ಯಾರೋ ಯಾರಿಗೋ ನಾಲಿಗೆ ಹಿಡಿದು ಮಾತಾಡು ಎಂದದ್ದು ನೆನಪಿತ್ತು. ಬೇರೇನೂ ಇರಲಿಲ್ಲ.

"ಇನ್ನೊಂದು ಕೇಳು," ಎಂದಳು ಸುವಾರ್ತಮ್ಮ. "ಚುನಾವಣೆ ಹೊತ್ತಿಗೆ ಕೆಲವು ಕಡೆ ಸುದ್ದಿ ವೇಷದಲ್ಲಿ ಜಾಹೀರಾತೂ ಬರುತ್ತೆ. ಒಬ್ಬನನ್ನೇ ಗಂಟೆಗಟ್ಟಲೆ ಹೊಗಳ್ತಾ ಇದ್ರೆ, ಎದುರಿಗಿರೋರ ಒಂದು ಮಾತೂ ಕೇಳಿಸ್ದೇ ಇದ್ರೆ, ಇದಕ್ಕೆ ಯಾರು ಕೊಟ್ರು ಅಂತ ಕೇಳ್ಬೇಕು ನಾವು."

"ಅದೆಲ್ಲ ಇರ್ಲಿ. ಆ ಸೊನ್ನೆ ಹೇಗೆ ಬಂತು ಅದನ್ನ ಹೇಳು."

"ಮನೆಮನೆಗೆ ಹೋಗಿ ಲೆಕ್ಕ ಮಾಡೋಕಾಗುತ್ತಾ? ಅಲ್ಲೊಂದು ಇಲ್ಲೊಂದು ಮನೇಲಿ ಡಬ್ಬಿ ಇಟ್ಟಿರ್ತಾರೆ. ಆ ಒಂದು ಮನೆ ನೋಡಿದ್ದನ್ನ ಸಾವಿರಾರು ಮನೆ ನೋಡಿದ ಹಾಗೆ ಲೆಕ್ಕ ಹಿಡೀತಾರೆ. ಡಬ್ಬಿ ಇರೋ ಮನೆಯೋರು ನಿಜವಾಗಿ ನೋಡಿದ್ದನ್ನ ಒತ್ತಿದ್ರೆ ಲೆಕ್ಕ ಸರಿ. ಅದಕ್ಕೇ ಅಂಥ ಮನೆ ಹುಡುಕಿ ಕೊಡುಗೆ ಕೊಡೋ ಕಳ್ಳರೂ ಇರ್ತಾರೆ. ನಮ್ಮ ಮಂಡಿಲಿ ಬೆಲ್ಲ ತೂಗೋವಾಗ ತಕ್ಕಡಿಗೆ ಬೆರಳು ಒತ್ತಿದ ಹಾಗೆ. ನಮ್ಮ ಊರಲ್ಲಿ ಅಂಥ ಡಬ್ಬಿ ಒಂದೋ ಎರಡೋ ಇರ್ಬಹುದು. ಯಾವ ಪುಣ್ಯಾತ್ಗಿತ್ತಿ ಬೆರಳು ಒತ್ತಿದ್ಲೋ!"

ಪೈಡಮ್ಮ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ ಅವಳಿಗೆ ಸಿಟ್ಟು ನೆತ್ತಿಗೇರಿತು. ತಪ್ಪು ತನ್ನದೆಂದು ಗೊತ್ತಾದ ಕೂಡಲೇ ಇನ್ನೊಬ್ಬರ ಮೇಲೆ ಏರುವ ಸಿಟ್ಟು ಅದು.

"ಮಂಗೀ! ಬಾರೇ ಹೊರಗೆ! ನಿನ್ನ ಆಸೆಗೆ ನನ್ನ ಗಂಡನ ಹೊಟ್ಟೆ ಮೇಲೆ ಹೊಡೆದ್ಯಲ್ಲೇ! ಆ ಡಬ್ಬಿ, ಆ ದೊಡ್ಡ ಟಿವಿ..."

ಮಂಗತಾಯಿ ಕೈಯಲ್ಲಿ ಹುಣಸೆಹಣ್ಣು ಹಿಡಿದೇ ಓಡಿಬಂದಳು. ಸುವಾರ್ತಮ್ಮ ನಡುವೆ ನಿಂತು ಇಬ್ಬರಿಂದಲೂ ವಿಷಯ ಕೇಳಿ ತಿಳಿದಳು. ಪೂರ್ತಿ ಕೇಳಿದ ಮೇಲೆ ಮಂಗತಾಯಿಯ ಮುಖ ಕಪ್ಪಿಟ್ಟಿತು.

"ಟಿವಿ ಆಸೆಗೆ ಬಿದ್ದಿದ್ದು ನಿಜ ಅಕ್ಕಾ. ತಪ್ಪೇ. ಆದ್ರೆ ಭಾನುವಾರ ಎಂಟಕ್ಕೆ ಆ ಡಬ್ಬಿ ಟಿವಿಲಿ ನಾನು ಭಾವನ ಕಥೇನೇ ಹಾಕ್ತಿದ್ದೆ. ಮನೆಯೋರೆಲ್ಲ ಕೂತು ನೋಡ್ತಿದ್ವಿ. ಬೈಕಿನೋನು ಕೇಳಿದ್ರೆ ಕರೆಂಟ್ ಹೋಗಿತ್ತು ಅಂತಿದ್ದೆ. ಒಂದು ವಾರಾನೂ ತಪ್ಪಿಸಿಲ್ಲ." ಅವಳು ಓರಗಿತ್ತಿಯ ಮುಖ ನೋಡಿದಳು. "ನಿಂಗೆ ಅದನ್ನ ಹೇಳ್ಬೇಕು ಅನ್ನಿಸ್ಲೇ ಇಲ್ಲ. ನಿನ್ನ ಗಂಡನ ಕಥೆ, ನೀನು ಹಾಕ್ದೇ ಇರ್ತೀಯಾ ಅಂದ್ಕೊಂಡೆ. ನೀನು ಹಾಕ್ಲಿಲ್ವಾ ಅಕ್ಕಾ?"

ಪೈಡಮ್ಮ ಇಲ್ಲವೆಂದು ತಲೆಯಾಡಿಸಿದಳು. ಯಾರ ಮೇಲೆ ಇಷ್ಟು ದಿನ ಹೊಟ್ಟೆ ಉರಿದುಕೊಂಡಳೋ ಅವಳೇ ಗಂಡನ ಗೆಜ್ಜೆಯನ್ನು ಕಾಯುತ್ತಿದ್ದಳು. ಕಳಚಿ ಹಾಕಿದ್ದು ತನ್ನ ಬೆರಳು.

ಅಂದು ಮಧ್ಯಾಹ್ನ ಊಟಕ್ಕೆ ಕೂತ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅಪ್ಪಲಸ್ವಾಮಿ ಗೋಂಗೂರ ಸೊಪ್ಪಿನ ಪಚ್ಚಡಿಯನ್ನು ಅನ್ನಕ್ಕೆ ಕಲಸುತ್ತ ಕೇಳಿಸಿಕೊಂಡ.

"ಮಿಕ್ಸಿ ತವರಿನದಲ್ಲ ಹಾಗಾದ್ರೆ."

"ಅಲ್ಲ."

"ಈ ಪಚ್ಚಡಿ ಅದ್ರಲ್ಲೇ ರುಬ್ಬಿದ್ದಾ?"

"ಹೂಂ."

ಅವನು ಕೈ ತೊಳೆದು ಎದ್ದ. ಮೂರು ದಿನ ಮಾತಾಡಲಿಲ್ಲ.

ಆ ಮೂರು ದಿನದಲ್ಲಿ ಓರಗಿತ್ತಿಯರು ಸುಮ್ಮನೆ ಕೂರಲಿಲ್ಲ. ಮಂಗತಾಯಿ ಡಬ್ಬಿಯ ಕಂಪನಿಯವರ ನಂಬರು ಹುಡುಕಿ, ನಡೆದದ್ದನ್ನು ಬಿಚ್ಚಿ ಹೇಳಿದಳು. ಅವರು ಬಂದು ವಿಚಾರಿಸಿ, ಇಬ್ಬರಿಂದಲೂ ಬರೆಸಿಕೊಂಡು, ಡಬ್ಬಿ ತೆಗೆದುಕೊಂಡು ಹೋದರು. ಆ ಸುದ್ದಿ ಮುಟ್ಟಿದ್ದೇ ತಡ, ಬೈಕಿನವನು ಆಟೋ ತಂದು ದೊಡ್ಡ ಟಿವಿಯನ್ನೂ ಕೆಂಪು ಮಿಕ್ಸಿಯನ್ನೂ ಹೊತ್ತುಕೊಂಡು ಹೋದ. ಕೊಟ್ಟದ್ದು ಪ್ರೀತಿಗಲ್ಲ ಎಂಬುದು ಅಲ್ಲಿಗೆ ಪೂರ್ತಿ ತಿಳಿಯಿತು. ಟಿವಿ ತನ್ನ ಬಾಗಿಲ ಮುಂದೆ ವಾಪಸು ಹಾದುಹೋಗುವಾಗ ಪೈಡಮ್ಮನಿಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು. ಮಿಕ್ಸಿ ಹಿಂದೆಯೇ ಹೋದದ್ದರಿಂದ ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ.

ಚಾನಲ್ಲಿನಲ್ಲಿ ಆ ಅರ್ಧ ಗಂಟೆ ಮತ್ತೆ ಬರಲಿಲ್ಲ. ಅಪ್ಪಲಸ್ವಾಮಿ ಫೋನು ಮಾಡಿ ವಿಷಯ ಹೇಳಿದ, ಸುವಾರ್ತಮ್ಮ ಪೇಟೆಯವರ ಸಹಿ ಹಾಕಿಸಿ ಪತ್ರ ಕಳಿಸಿದಳು. ಚಾನಲ್ಲಿನವರು ನೋಡೋಣ ಎಂದರು.

ಆದರೆ ಅದರ ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬೆಲ್ಲದ ಮಂಡಿಯ ಕಟ್ಟೆಯ ಮೇಲೆ ತಂಬೂರಿ ಮಿಡಿಯಿತು. ಅಪ್ಪಲಸ್ವಾಮಿ ಮೊಳೆಯಿಂದ ಗೆಜ್ಜೆ ತೆಗೆದು ಕಟ್ಟಿಕೊಂಡು ಬಂದಿದ್ದ. ಹಮಾಲಿಗಳು, ಹೆಂಗಸರು, ನಗರಸಭೆ ಚುನಾವಣೆಗೆ ನಿಂತಿದ್ದ ಇಬ್ಬರು ಅಭ್ಯರ್ಥಿಗಳು ಎಲ್ಲ ಸೇರಿದ್ದರು. ಕಥೆಯ ನಡುವೆ ಅವನು ನಿಂತು ಕೂಗಿದ.

"ಕೇಳಿದ್ರಾ ಸ್ವಾಮೀ! ನಮ್ಮ ಊರಲ್ಲಿ ಒಂದು ಮನೆ. ಮನೆಗೆ ಬೀಗ. ಒಳಗೆ ನಾಲ್ಕು ಜನ ಟಿವಿ ನೋಡ್ತಿದ್ರು!"

"ಬೀಗ ಹಾಕಿದ ಮನೇಲಿ ನಾಲ್ಕು ಜನವೇ? ದೆವ್ವಗಳೇನಪ್ಪಾ?" ಎಂದ ನಗಿಸುವವನು.

"ದೆವ್ವಕ್ಕೆ ಬೆರಳಿರುತ್ತಾ? ಇದು ಬೆರಳಿನ ಕೆಲಸ!"

"ಯಾವ ಮಹಾತಾಯಿದಪ್ಪಾ ಆ ಬೆರಳು?"

"ಹೆಸರು ಹೇಳೋಲ್ಲ," ಎಂದ ಅಪ್ಪಲಸ್ವಾಮಿ. "ಅವಳ ಕೈ ಅಡುಗೆ ಉಣ್ಬೇಕು ನಾನು."

ಜನ ಬಿದ್ದು ಬಿದ್ದು ನಕ್ಕರು. ಪೈಡಮ್ಮ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತು, ಬಲಗೈ ಹೆಬ್ಬೆರಳು ಎತ್ತಿ ಎಲ್ಲರಿಗೂ ತೋರಿಸಿದಳು.

"ಇದೇ ಆ ಬೆರಳು. ಹೊಟ್ಟೆಕಿಚ್ಚಿಗೆ ಒತ್ತಿದೆ. ಒಂದು ಮಿಕ್ಸಿಗೆ ಒತ್ತಿದೆ. ಊರು ಏನು ನೋಡುತ್ತೆ ಅಂತ ನಾನೊಬ್ಳೇ ಸುಳ್ಳು ಹೇಳ್ದೆ. ನಮ್ಮ ಟ್ಯಾಂಕ್ ಬಗ್ಗೆ ಕೇಳ್ತಿದ್ದ ಬಾಯಿ ಮುಚ್ಚೋಯ್ತು. ನೀವು ಯಾರೂ ಹೀಗೆ ಮಾಡ್ಬೇಡಿ."

ಅಪ್ಪಲಸ್ವಾಮಿ ಹೆಂಡತಿಯ ಕಡೆ ತಿರುಗಿದ. ಆಮೇಲೆ ಗೆಜ್ಜೆಯ ಕಾಲನ್ನು ಒಮ್ಮೆ ಜೋರಾಗಿ ನೆಲಕ್ಕೆ ಬಡಿದ. ಅದು ಅವನ ಮೆಚ್ಚುಗೆ. ಜನರ ಚಪ್ಪಾಳೆ ಶುರುವಾಗುವ ಹೊತ್ತಿಗೆ ಮಂಗತಾಯಿಯೂ ಎದ್ದು, "ಟಿವಿ ತಗೊಂಡಿದ್ದು ನಾನು!" ಎಂದು ಅಳು ದನಿಯಲ್ಲಿ ಕೂಗಿದಳು. ಅವಳಿಗೆ ಬಿದ್ದ ಚಪ್ಪಾಳೆ ಇನ್ನೂ ಜೋರಾಗಿತ್ತು. ಪೈಡಮ್ಮನಿಗೆ ಹೊಟ್ಟೆಯೊಳಗೆ ಚುರುಕ್ಕೆಂದಿತು. ಆದರೂ ಕೈ ಚಾಚಿ ಓರಗಿತ್ತಿಯನ್ನು ಪಕ್ಕಕ್ಕೆ ಎಳೆದುಕೊಂಡಳು.

ಈ ಕಥೆ ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಟಿವಿ ನೋಡಬೇಡಿ ಎಂದು ಪೈಡಮ್ಮ ಹೇಳುವುದಿಲ್ಲ. ಅವಳೂ ನೋಡುತ್ತಾಳೆ. ಇಂದು ನಿಮ್ಮ ಮನೆಯ ಪರದೆಯಲ್ಲಿ ಜಗಳ ಶುರುವಾದಾಗ, ಇದರ ನಡುವೆ ಯಾರ ಜಾಹೀರಾತು ಬಂತು, ನಮ್ಮ ಓಣಿಯ ಯಾವ ಮಾತು ಬರಲಿಲ್ಲ ಎಂದು ಮನೆಯವರನ್ನು ಒಮ್ಮೆ ಕೇಳಿ. ಒಂದು ಸುದ್ದಿಯನ್ನು ಒಂದೇ ಕಡೆ ಕೇಳಿ ನಂಬಬೇಡಿ. ಇನ್ನೊಂದು ಚಾನಲ್ ತಿರುಗಿಸಿ, ಪತ್ರಿಕೆ ಓದಿ, ಪಕ್ಕದ ಮನೆಯವರನ್ನು ವಿಚಾರಿಸಿ. ಒಳ್ಳೆಯ ಕಾರ್ಯಕ್ರಮ ಕಂಡರೆ ಚಾನಲ್ಲಿನವರಿಗೆ ಬರೆದು ತಿಳಿಸಿ. ಯಾರಾದರೂ ಕೊಡುಗೆ ಹಿಡಿದು ಬಂದು ನೀವು ಏನು ನೋಡಬೇಕೆಂದು ಹೇಳಿದರೆ, ಜಗಲಿ ಹತ್ತಲು ಬಿಡಬೇಡಿ. ಮತದಾನದ ದಿನ ನೀವು ಒತ್ತುವುದೂ ಒಂದು ಗುಂಡಿಯನ್ನೇ. ಅದರ ಮೇಲೆ ಇರುವ ಬೆರಳು ನಿಮ್ಮದೇ ಆಗಿರಲಿ.